ಸೇಬಿಲ್ಲದ ಸೇಬಿನ ಪೈ: ಪಾಕವಿಧಿಯ ಚರಿತ್ರೆಯಲ್ಲಿ ಬದಲಿ ಪದಾರ್ಥದ ಸಾಕ್ಷ್ಯ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹಗಳು ನೆನಪಿಗೆ ಬರುತ್ತವೆ. ಅಡುಗೆಯ ಪುಸ್ತಕ ಈ ಸಾಲಿಗೆ ಸೇರಿಕೊಂಡದ್ದು ಈಚೆಗೆ. ಸೇರಿದ ಮೇಲೆಯೂ ಅದು ಪಂಕ್ತಿಯ ಕೊನೆಯಲ್ಲಿಯೇ ಕುಳಿತಿದೆ. ಒಂದು ಕಾಲದ ಜನರು ಏನನ್ನು ಉಣ್ಣುತ್ತಿದ್ದರು ಎಂಬುದನ್ನು ತಿಳಿಯಲು ಪಾಕಗ್ರಂಥಗಳನ್ನು ತಿರುವಿಹಾಕುವ ವಾಡಿಕೆಯೇನೋ ಉಂಟು. ಆದರೆ ಪಾಕವಿಧಿಯು ಊಟದ ವರದಿಯಲ್ಲ, ಅದೊಂದು ವಿಧಿ. ಅದು ‘ಹೀಗೆ ಮಾಡು’ ಎನ್ನುತ್ತದೆಯೇ ಹೊರತು ‘ಹೀಗೆ ಮಾಡಿದರು’ ಎನ್ನುವುದಿಲ್ಲ. ಈ ವ್ಯತ್ಯಾಸವನ್ನು ಮರೆತಾಗ ಪಾಕಗ್ರಂಥದ ಓದು ಸುಲಭವಾಗಿ ದಾರಿ ತಪ್ಪುತ್ತದೆ.

ಈ ಹಿನ್ನೆಲೆಯಲ್ಲಿ, ಇಲ್ಲದ ಪದಾರ್ಥದ ರುಚಿಯನ್ನು ಇರುವ ಪದಾರ್ಥದಿಂದ ಹುಟ್ಟಿಸಲು ಹೊರಟ ಪಾಕವಿಧಿಗಳಿಗೆ ವಿಶೇಷ ಮಹತ್ವವಿದೆ. ಅಡುಗೆಮನೆಯಲ್ಲಿ ಏನಿರಲಿಲ್ಲ ಎಂಬುದನ್ನು ಇಂತಹ ವಿಧಿ ಬಾಯಿಬಿಟ್ಟು ಹೇಳುತ್ತದೆ. ಏನಿತ್ತು ಎಂಬುದನ್ನು ತನಗರಿವಿಲ್ಲದೆ ಹೇಳುತ್ತದೆ. ಆ ಭಕ್ಷ್ಯದ ಯಾವ ಗುಣ ಉಳಿದರೆ ಅದರ ಹೆಸರೂ ಉಳಿಯುತ್ತದೆಂದು ಜನ ನಂಬಿದ್ದರೆಂಬುದನ್ನೂ ಅದರಿಂದ ಊಹಿಸಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 19ನೆಯ ಶತಮಾನದಿಂದ ಪ್ರಚಾರದಲ್ಲಿರುವ ‘ಹುಸಿ ಸೇಬಿನ ಪೈ’ ಎಂಬ ಸಿಹಿ ಭಕ್ಷ್ಯ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಸಾಮಾನ್ಯವಾಗಿ ಬಡತನದ ಕಾಲದ ಜಾಣತನವೆಂದು ಬಣ್ಣಿಸಲಾಗುತ್ತದೆ. ಈ ವಿವರಣೆ ಆಕರಗಳ ಪರಿಶೀಲನೆಗೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಭಕ್ಷ್ಯ ಮತ್ತು ಅದರ ವಿಧಾನ

ಪೈ ಎಂಬುದು ನಮ್ಮ ಹೋಳಿಗೆಯಂತೆ ಕಣಕ ಹೂರಣಗಳಿಂದಾಗುವ ಭಕ್ಷ್ಯ. ಮೈದಾ ಹಿಟ್ಟಿಗೆ ತಣ್ಣನೆಯ ಬೆಣ್ಣೆಯನ್ನೋ ಕೊಬ್ಬನ್ನೋ ಬೆರೆಸಿ, ಸ್ವಲ್ಪವೇ ನೀರು ಹಾಕಿ ಕಲಸಿದ ಕಣಕವನ್ನು ಲಟ್ಟಿಸಿ ಅಗಲವಾದ ತಟ್ಟೆಯೊಳಗೆ ಹಾಸುತ್ತಾರೆ. ಅದರಲ್ಲಿ ಹೂರಣ ತುಂಬಿ ಮೇಲೊಂದು ಕಣಕದ ಹಾಳೆಯನ್ನು ಮುಚ್ಚಿ ಒಲೆಯೊಳಗಿಟ್ಟು ಬೇಯಿಸುತ್ತಾರೆ. ಸೇಬಿನ ಪೈಯಲ್ಲಿ ಹೂರಣವಾಗುವುದು ಸಕ್ಕರೆ, ಚಕ್ಕೆ ಅಥವಾ ಜಾಯಿಕಾಯಿಯ ಪುಡಿ, ಬೆಣ್ಣೆ ಬೆರೆಸಿದ ಸೇಬಿನ ಹೋಳು.

ಹುಸಿ ಸೇಬಿನ ಪೈಯಲ್ಲಿ ಈ ಹೋಳುಗಳ ಜಾಗಕ್ಕೆ ಬರುವುದು ಉಪ್ಪು ಬಿಸ್ಕತ್ತು. 20ನೆಯ ಶತಮಾನದಲ್ಲಿ ಬಹುವಾಗಿ ಪ್ರಚಾರಗೊಂಡ ವಿಧಾನ ಹೀಗಿದೆ: ಸುಮಾರು 36 ಬಿಸ್ಕತ್ತುಗಳನ್ನು ದಪ್ಪದಪ್ಪನಾಗಿ ಮುರಿದು 9 ಅಂಗುಲದ ತಟ್ಟೆಯಲ್ಲಿ ಹಾಸಿದ ಕಣಕದ ಮೇಲೆ ಹರಡಬೇಕು. 2 ಕಪ್ ಸಕ್ಕರೆಗೆ 2 ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಸೇರಿಸಿ, ಎರಡು ಕಪ್ಪಿಗೆ ತುಸು ಕಡಿಮೆ ನೀರೆರೆದು ಕುದಿಸಿ ಪಾಕ ಮಾಡಬೇಕು. ಅದಕ್ಕೆ 2 ದೊಡ್ಡ ಚಮಚ ನಿಂಬೆರಸ ಮತ್ತು ಒಂದು ನಿಂಬೆಯ ತುರಿದ ಸಿಪ್ಪೆ ಬೆರೆಸಿ, ಆರಿದ ಮೇಲೆ ಬಿಸ್ಕತ್ತಿನ ಮೇಲೆ ಹೊಯ್ಯಬೇಕು. ಮೇಲೆ ಬೆಣ್ಣೆಯ ತುಣುಕುಗಳನ್ನಿಟ್ಟು, ಅರ್ಧ ಟೀ ಚಮಚ ಚಕ್ಕೆ ಪುಡಿ ಉದುರಿಸಿ, ಕಣಕದ ಹಾಳೆ ಮುಚ್ಚಿ, 425 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಬೇಕು. ಒಲೆಯಿಂದ ತೆಗೆದು ಆರಿಸಿ ಕೊಯ್ದಾಗ ಒಳಗೆ ಕಾಣುವುದು ಬಿಸ್ಕತ್ತಲ್ಲ, ಬೆಂದ ಸೇಬಿನ ಹೋಳುಗಳನ್ನು ಹೋಲುವ ಮೆತ್ತನೆಯ ಪದರಗಳು.

ಈ ಸಾಮ್ಯ ಕಾಕತಾಳೀಯವಲ್ಲ. ಬಿಸ್ಕತ್ತಿನಲ್ಲಿರುವ ಪಿಷ್ಟ ಹುಳಿಸಿಹಿ ಪಾಕವನ್ನು ಹೀರಿ ಉಬ್ಬುತ್ತದೆ. ಪದರ ಪದರವಾಗಿ ಬೆಂದ ವಸ್ತುವಾದುದರಿಂದ ಅದು ಪೂರ್ತಿ ಕರಗದೆ ಹೋಳಿನ ಆಕಾರವನ್ನು ಒಂದಿಷ್ಟು ಉಳಿಸಿಕೊಳ್ಳುತ್ತದೆ. ಇನ್ನು ರುಚಿಯ ವಿಚಾರ. ಸೇಬಿನ ಹುಳಿಗೆ ಮುಖ್ಯ ಕಾರಣ ಮ್ಯಾಲಿಕ್ ಆಮ್ಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ಅದನ್ನು 1785ರಲ್ಲಿ ಸೇಬಿನ ರಸದಿಂದಲೇ ಬೇರ್ಪಡಿಸಿದನು. ಅದರ ಹೆಸರು ಕೂಡ ಸೇಬಿನ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹುಸಿ ಪೈಯಲ್ಲಿ ಮ್ಯಾಲಿಕ್ ಆಮ್ಲಕ್ಕೆ ಪಾತ್ರವಿಲ್ಲ. ಕ್ರೀಮ್ ಆಫ್ ಟಾರ್ಟರ್ ಎಂಬುದು ದ್ರಾಕ್ಷಾರಸ ಹುದುಗುವ ಪೀಪಾಯಿಗಳ ಒಳಮೈಗೆ ಹರಳುಗಟ್ಟುವ ಲವಣ. ಅದರ ಮೂಲ ಟಾರ್ಟಾರಿಕ್ ಆಮ್ಲ. ನಮ್ಮ ಹುಣಿಸೆಹಣ್ಣಿನ ಹುಳಿಯೂ ಬಹುಮಟ್ಟಿಗೆ ಇದೇ ಆಮ್ಲದ್ದು. ಹೀಗೆ ಸೇಬಿನ ಯಾವ ಅಂಶವೂ ಇಲ್ಲದ ಹೂರಣವನ್ನು ತಿಂದವರು ಸೇಬೆಂದೇ ಭಾವಿಸಲು ಚಕ್ಕೆಯ ಪರಿಮಳ, ಹುಳಿಸಿಹಿಯ ಹದ, ಮೆತ್ತನೆಯ ಹೋಳು, ಕಣಕದ ಹೊದಿಕೆ ಮತ್ತು ಭಕ್ಷ್ಯದ ಹೆಸರು ಒಟ್ಟಾಗಿ ಕೆಲಸ ಮಾಡುತ್ತವೆ. ಸೇಬಿನ ಪೈಯ ರುಚಿಯೆಂದು ಜನ ನೆನಪಿಟ್ಟುಕೊಂಡದ್ದರಲ್ಲಿ ಹಣ್ಣಿನದಷ್ಟೇ ಪಾಲು ಸಂಬಾರದ್ದೂ ಇತ್ತೆಂಬುದು ಇದರಿಂದ ಸ್ಪಷ್ಟ.

2. ವಿಧಿಯ ರೂಪ ಬದಲಾದ ಬಗೆ

ಈ ಭಕ್ಷ್ಯದ ಆಕರಗಳನ್ನು ಪರಿಶೀಲಿಸುವ ಮೊದಲು ಪಾಕವಿಧಿಯೆಂಬ ಬರಹದ ರೂಪವನ್ನು ಸಂಕ್ಷೇಪವಾಗಿ ಗಮನಿಸಬೇಕು. ಇಂಗ್ಲಿಷಿನಲ್ಲಿ ಪಾಕವಿಧಿಗೆ ಸಲ್ಲುವ ‘ರೆಸಿಪಿ’ ಎಂಬ ಮಾತು ಮೂಲತಃ ಲ್ಯಾಟಿನ್ ಭಾಷೆಯ ಆಜ್ಞಾರ್ಥಕ ಕ್ರಿಯಾಪದ. ‘ತೆಗೆದುಕೊ’ ಎಂಬುದು ಅದರ ಅರ್ಥ. ವೈದ್ಯರು ಔಷಧದ ಚೀಟಿಯ ಮೊದಲಿಗೆ ಇದನ್ನು ಬರೆಯುತ್ತಿದ್ದರು. ಔಷಧವೂ ಅಡುಗೆಯೂ ಒಂದೇ ಬಗೆಯ ವಿಧಿಗಳಾಗಿದ್ದ ಕಾಲದ ಗುರುತು ಈ ಪದದಲ್ಲಿ ಉಳಿದಿದೆ.

ಕನ್ನಡ ನಾಡಿನಲ್ಲಿಯೂ ಪಾಕವಿಧಿ ಇತರ ಶಾಸ್ತ್ರಗಳ ನೆರೆಯಲ್ಲಿಯೇ ಬೆಳೆಯಿತು. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಜಲಶೋಧ, ವೃಕ್ಷಾಯುರ್ವೇದಗಳೊಂದಿಗೆ ಸೂಪಶಾಸ್ತ್ರವೂ ಬರುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವು ಅರಸನ ಭೋಗಗಳಲ್ಲೊಂದು. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನು ಅಡುಗೆಯನ್ನೇ ವಸ್ತುವಾಗಿಸಿಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದನು. ಪದ್ಯದಲ್ಲಿರುವ ವಿಧಿ ನೆನಪಿನಲ್ಲಿ ನಿಲ್ಲುವಂಥದು. ಪ್ರಮಾಣ, ಹದಗಳ ಸೂಕ್ಷ್ಮವನ್ನು ಅದು ಬಲ್ಲವರ ಕೈಗೆ ಬಿಡುತ್ತದೆ.

ಯೂರೋಪು ಅಮೆರಿಕಗಳಲ್ಲಿಯೂ ಬಹುಕಾಲ ಇದೇ ಸ್ಥಿತಿಯಿತ್ತು. ಇಂಗ್ಲೆಂಡಿನ ಎರಡನೆಯ ರಿಚರ್ಡನ ಬಾಣಸಿಗರ ಕೃತಿಯೆಂದು ಖ್ಯಾತವಾದ, ಸುಮಾರು 1390ರ ‘ಫೋರ್ಮ್ ಆಫ್ ಕ್ಯೂರಿ’ಯಲ್ಲಿ ಸೇಬನ್ನು ಕಣಕದ ಹೊದಿಕೆಯೊಳಗೆ ಬೇಯಿಸುವ ವಿಧಿಯಿದೆ; ಅದರಲ್ಲಿ ಅಳತೆಗಳಿಲ್ಲ. 1796ರಲ್ಲಿ ಹಾರ್ಟ್‌ಫರ್ಡಿನಲ್ಲಿ ಅಚ್ಚಾದ ಅಮೀಲಿಯ ಸಿಮನ್ಸಳ ‘ಅಮೆರಿಕನ್ ಕುಕರಿ’ ಅಮೆರಿಕದವರೇ ಬರೆದು ಅಲ್ಲಿಯೇ ಪ್ರಕಟವಾದ ಮೊದಲ ಪಾಕಗ್ರಂಥವೆಂದು ಪರಿಗಣಿತವಾಗಿದೆ. ಸೇಬಿನ ಪೈ ಅದರಲ್ಲಿಯೂ ಉಂಟು. ಪದಾರ್ಥಗಳನ್ನೂ ಅವುಗಳ ಪ್ರಮಾಣ, ಬೇಯುವ ಕಾಲಗಳನ್ನೂ ಪ್ರತಿ ವಿಧಿಯ ಕೊನೆಯಲ್ಲಿ ಬೇರೆಯಾಗಿ ಪಟ್ಟಿಮಾಡುವ ಕ್ರಮವನ್ನು ಇಂಗ್ಲೆಂಡಿನ ಎಲೈಜ ಆಕ್ಟನ್ 1845ರ ತನ್ನ ಗ್ರಂಥದಲ್ಲಿ ತಂದಳು. ಚಮಚ, ಕಪ್ಪುಗಳನ್ನು ಅಂಚಿಗೆ ಸಮನಾಗಿ ತುಂಬಿ ಅಳೆಯುವ ಪದ್ಧತಿ ಅಮೆರಿಕದ ಮನೆಗಳಲ್ಲಿ ನೆಲೆಗೊಂಡದ್ದು ಬಾಸ್ಟನ್ ಪಾಕಶಾಲೆಯ ಫ್ಯಾನಿ ಫಾರ್ಮರಳ 1896ರ ಗ್ರಂಥದಿಂದ.

ಈ ಬದಲಾವಣೆಗೂ ಹುಸಿ ಪೈಗೂ ಸಂಬಂಧವಿದೆ. ಸೇಬಿನ ಪೈಯನ್ನು ಕಣ್ಣಳತೆಯಲ್ಲಿ ಮಾಡಬಹುದು; ಹಣ್ಣೇ ತನ್ನ ಹುಳಿಯನ್ನೂ ರಸವನ್ನೂ ತರುತ್ತದೆ. ಸೇಬಿಲ್ಲದ ಪೈಯಲ್ಲಿ ಹುಳಿ ಒಂದು ಚಮಚ ಹೆಚ್ಚಾದರೂ ನೀರು ಅರ್ಧ ಕಪ್ ಮಿಕ್ಕರೂ ಹೂರಣ ಕೆಡುತ್ತದೆ. ಬದಲಿ ಭಕ್ಷ್ಯ ಬಾಯಿಮಾತಿಗಿಂತ ಬರಹವನ್ನೇ ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ. ಅದು ಅಚ್ಚಿನ ಯುಗದಲ್ಲಿ ಹಬ್ಬಿದ್ದು ಸಹಜವೇ ಆಗಿದೆ.

3. ಮೂರು ಸಾಕ್ಷ್ಯಗಳು

ಹುಸಿ ಸೇಬಿನ ಪೈಯ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸುವುದು ರೂಢಿ. ಮೊದಲನೆಯದು ಕ್ಯಾಲಿಫೋರ್ನಿಯದ ಚಿನ್ನದ ಬೇಟೆಯ ಕಾಲ. ಅಲ್ಲಿ 1848ರಲ್ಲಿ ಚಿನ್ನ ದೊರೆತ ಮೇಲೆ ಪೂರ್ವದ ಸೀಮೆಗಳಿಂದ ಜನ ತಂಡತಂಡವಾಗಿ ಹೋಗಿ ನೆಲೆಸಿದರು. 1894ರಲ್ಲಿ ಲಾಸ್ ಏಂಜಲೀಸಿನ ಚರ್ಚೊಂದರ ಮಹಿಳಾ ಬಳಗ ಪ್ರಕಟಿಸಿದ ಪಾಕಸಂಗ್ರಹದಲ್ಲಿ, 1852ರ ಮೊದಲ ವಲಸಿಗರ ಸೇಬಿನ ಪೈ ಎಂಬ ತಲೆಬರಹದ ಒಂದು ವಿಧಿಯಿದೆ. ಅದನ್ನು ಕಳುಹಿಸಿದ ಶ್ರೀಮತಿ ಬಿ. ಸಿ. ವೈಟಿಂಗ್ ಅವರು ಆಗ ಸೇಬಿಗೆ ಪೌಂಡಿಗೆ ಒಂದು ಡಾಲರ್ ಬೆಲೆಯಿತ್ತೆಂದೂ ಮನೆಯ ನೆನಪಿನಿಂದ ಕೊರಗುತ್ತಿದ್ದ ಎಳೆಯರಿಗೆ ತಾಯಿ ಮಾಡುತ್ತಿದ್ದ ಪೈಯ ಹಂಬಲವಿತ್ತೆಂದೂ ಹೇಳುತ್ತಾರೆ. ಈ ಹೇಳಿಕೆಗೂ ಅದು ಹೇಳುವ ಕಾಲಕ್ಕೂ 42 ವರ್ಷಗಳ ಅಂತರವಿದೆ. ಹೀಗಾಗಿ ಇದು 1852ರ ದಾಖಲೆಯಲ್ಲ, 1894ರಲ್ಲಿ ನೆನಪಿನಿಂದ ಬರೆದ ಮಾತು. ಆದರೂ ಕೊರತೆಯ ಸ್ವರೂಪವನ್ನು ಅದು ಚೆನ್ನಾಗಿ ತಿಳಿಸುತ್ತದೆ. ಅಲ್ಲಿ ಇಲ್ಲವಾಗಿದ್ದುದು ಹೊಟ್ಟೆಗೆ ಬೇಕಾದ ಆಹಾರವಲ್ಲ, ಬಿಟ್ಟು ಬಂದ ಮನೆಯ ರುಚಿ.

ಎರಡನೆಯದು ಅಂತರ್ಯುದ್ಧದ ಕಾಲದ ದಾಖಲೆ. 1861ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದೊಡನೆ ಅಧ್ಯಕ್ಷ ಲಿಂಕನ್ ದಕ್ಷಿಣದ ರೇವುಗಳಿಗೆ ನೌಕಾ ದಿಗ್ಬಂಧನ ವಿಧಿಸಿದನು. ಉಪ್ಪು, ಕಾಫಿ ಮುಂತಾದ ಪದಾರ್ಥಗಳಿಗೆ ದಕ್ಷಿಣದ ಒಕ್ಕೂಟದಲ್ಲಿ ತೀವ್ರ ಅಭಾವವುಂಟಾಯಿತು. ಒಕ್ಕೂಟದ ರಾಜಧಾನಿ ರಿಚ್ಮಂಡಿನಲ್ಲಿ ವೆಸ್ಟ್ ಮತ್ತು ಜಾನ್‌ಸ್ಟನ್ ಎಂಬ ಪ್ರಕಾಶಕರು 1863ರಲ್ಲಿ ‘ಕಾನ್ಫೆಡರೇಟ್ ರಿಸೀಟ್ ಬುಕ್’ ಎಂಬ ಚಿಕ್ಕ ಸಂಗ್ರಹವನ್ನು ಹೊರತಂದರು. ಕಾಲಕ್ಕೆ ಹೊಂದಿಸಿದ ನೂರಕ್ಕೂ ಹೆಚ್ಚು ವಿಧಿಗಳು ಇದರಲ್ಲಿವೆಯೆಂದು ಮುಖಪುಟ ಹೇಳುತ್ತದೆ. ಉಪ್ಪಿಲ್ಲದೆ ಮಾಂಸ ಕಾಪಿಡುವ ಕ್ರಮ, ಓಕ್ ಮರದ ಕಾಯಿಯಿಂದ ಕಾಫಿ, ಎಳೆಯ ಮುಸುಕಿನ ಜೋಳದ ತುರಿಯಿಂದ ಕೃತಕ ಸಿಂಪಿಮಾಂಸ ಇವುಗಳೊಂದಿಗೆ ಸೇಬಿಲ್ಲದ ಸೇಬಿನ ಪೈಯ ವಿಧಿಯೂ ಇಲ್ಲಿದೆ. ನೆನೆಸಿ ಮೆತ್ತಗಾದ ಬಿಸ್ಕತ್ತಿಗೆ ಟಾರ್ಟಾರಿಕ್ ಆಮ್ಲ, ಸಿಹಿ, ಬೆಣ್ಣೆ, ತುಸುವೇ ಜಾಯಿಕಾಯಿ ಸೇರಿಸಬೇಕೆಂಬುದು ಅದರ ಸಾರ.

ಈ ವಿಧಿಯಲ್ಲಿ ಏನಿದೆಯೆಂದು ನೋಡುವುದೇ ಹೆಚ್ಚು ಫಲಕಾರಿ. ಔಷಧದಂಗಡಿಯ ವಸ್ತುವಾದ ಆಮ್ಲದ ಪುಡಿ ಇದರಲ್ಲಿದೆ. ಗೋಧಿಯ ಬಿಸ್ಕತ್ತು, ಬೆಣ್ಣೆ, ದೂರದ ಬಾಂದಾ ದ್ವೀಪಗಳಿಂದ ಲೋಕಕ್ಕೆ ಹಬ್ಬಿದ ಜಾಯಿಕಾಯಿ ಇವೆ. 1863ರ ಮಾರ್ಚ್ 26ರಂದು ಸೈನ್ಯಕ್ಕಾಗಿ ಧಾನ್ಯ ಮುಂತಾದವನ್ನು ವಶಪಡಿಸಿಕೊಳ್ಳುವ ಕಾನೂನು ಜಾರಿಗೆ ಬಂದಿತು. ಅದಾದ ಒಂದು ವಾರದಲ್ಲಿ, ಏಪ್ರಿಲ್ 2ರಂದು, ಅದೇ ರಿಚ್ಮಂಡ್ ನಗರದಲ್ಲಿ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದು ಅಂಗಡಿಗಳಿಗೆ ನುಗ್ಗಿದರು. ಒಕ್ಕೂಟದ ಅಧ್ಯಕ್ಷ ಜೆಫರ್ಸನ್ ಡೇವಿಸ್ ತಾನೇ ಬಂದು ಗುಂಪನ್ನು ಚದುರಿಸಬೇಕಾಯಿತು. ಒಂದೇ ನಗರ, ಒಂದೇ ವರ್ಷ. ರೊಟ್ಟಿಗಾಗಿ ಬೀದಿಗಿಳಿದವರಿಗೆ ಬಿಸ್ಕತ್ತು, ಬೆಣ್ಣೆ, ಸಕ್ಕರೆ ಬೇಡುವ ಈ ವಿಧಿಯಿಂದ ಪ್ರಯೋಜನವೇನೂ ಇರಲಿಲ್ಲ. ಅದು ಹಸಿವಿನ ದಾಖಲೆಯಲ್ಲ; ಹಸಿವು ಬಾಗಿಲಿಗೆ ಬಂದಿದ್ದರೂ ಊಟದ ಕೊನೆಯ ಸಿಹಿಯನ್ನು ಬಿಡಲಾರದ ಮನೆತನಗಳ ದಾಖಲೆ.

ಮೂರನೆಯ ಘಟ್ಟ 1930ರ ದಶಕದ ಆರ್ಥಿಕ ಮುಗ್ಗಟ್ಟಿನದು. ನ್ಯಾಷನಲ್ ಬಿಸ್ಕಿಟ್ ಕಂಪನಿ 1934ರಲ್ಲಿ ರಿಟ್ಜ್ ಎಂಬ ಬೆಣ್ಣೆರುಚಿಯ ದುಂಡು ಬಿಸ್ಕತ್ತನ್ನು ಮಾರುಕಟ್ಟೆಗೆ ತಂದಿತು. ಅದರಿಂದ ಹುಸಿ ಸೇಬಿನ ಪೈ ಮಾಡುವ ವಿಧಾನ ಆ ಬಿಸ್ಕತ್ತಿನ ಪೆಟ್ಟಿಗೆಯ ಮೇಲೆ ಅಚ್ಚಾಗಿ ಮನೆಮಾತಾಯಿತು. ಸೇಬು ಕೊಳ್ಳಲಾರದ ಬಡವರಿಗಾಗಿ ಕಂಪನಿ ಈ ಭಕ್ಷ್ಯವನ್ನು ಕಂಡುಹಿಡಿಯಿತೆಂಬ ಮಾತು ಜನಪ್ರಿಯವಾಗಿದೆ. ಇದು ಎರಡು ಕಾರಣಗಳಿಂದ ನಿಲ್ಲುವುದಿಲ್ಲ. 1863ರ ಮುದ್ರಿತ ವಿಧಿ ಕಂಪನಿಯ ಬಿಸ್ಕತ್ತಿಗಿಂತ ಸುಮಾರು 70 ವರ್ಷ ಹಿಂದಿನದು. ಅಲ್ಲದೆ ಮುಗ್ಗಟ್ಟಿನ ಅಮೆರಿಕದಲ್ಲಿ ಸೇಬು ದುರ್ಲಭವಾಗಿರಲಿಲ್ಲ. 1930ರ ಶರತ್ಕಾಲದಲ್ಲಿ ಮಿಕ್ಕ ಸೇಬನ್ನು ವರ್ತಕರು ನಿರುದ್ಯೋಗಿಗಳಿಗೆ ಸಾಲದ ಮೇಲೆ ಕೊಟ್ಟು ಬೀದಿಯಲ್ಲಿ ಮಾರಿಸಿದರು. ನ್ಯೂಯಾರ್ಕಿನ ಮೂಲೆಮೂಲೆಯಲ್ಲಿ ಒಂದು ಹಣ್ಣಿಗೆ ಐದು ಸೆಂಟಿನಂತೆ ಸೇಬು ಮಾರುತ್ತ ನಿಂತ ಸಾವಿರಾರು ಜನರ ಚಿತ್ರ ಆ ಕಾಲದ ಸಂಕೇತವಾಗಿಯೇ ಉಳಿದಿದೆ. ಸೇಬಿನ ಅಭಾವವೇ ಹುಸಿ ಪೈಯನ್ನು ಜನಪ್ರಿಯಗೊಳಿಸಿತೆನ್ನಲು ಈ ಸಂದರ್ಭದಲ್ಲಿ ಆಧಾರವಿಲ್ಲ. ಬಿಸ್ಕತ್ತು ಮಾರಬೇಕೆಂಬ ಕಂಪನಿಯ ಹಿತಾಸಕ್ತಿ ಮತ್ತು ಅತಿಥಿಗಳನ್ನು ಬೆರಗುಗೊಳಿಸುವ ಗೃಹಿಣಿಯರ ಉತ್ಸಾಹ ಇವೆರಡನ್ನು ಕಾರಣವಾಗಿ ಕಾಣುವುದು ಹೆಚ್ಚು ಸಮಂಜಸ.

ಮೂರೂ ಘಟ್ಟಗಳಿಗೆ ಸಮಾನವಾದ ಇನ್ನೊಂದು ಸಂಗತಿಯಿದೆ. ಕಾರ್ಖಾನೆಯ ಬಿಸ್ಕತ್ತು, ಶುದ್ಧೀಕರಿಸಿದ ಆಮ್ಲ, ಅಗ್ಗವಾಗುತ್ತ ಬಂದ ಸಕ್ಕರೆ ಇವೆಲ್ಲ 19ನೆಯ ಶತಮಾನದ ಕೈಗಾರಿಕೆ ಅಡುಗೆಮನೆಗೆ ತಂದ ಸಾಮಗ್ರಿಗಳು. ಅದಕ್ಕೆ ಮೊದಲು ಹಳ್ಳಿಗರು ಸೇಬು ಸಿಕ್ಕದ ತಿಂಗಳುಗಳಲ್ಲಿ ಬಳಸುತ್ತಿದ್ದುದು ಒಣಗಿಸಿಟ್ಟ ಸೇಬನ್ನು. ಹಣ್ಣಿಗಿಂತ ಬಿಸ್ಕತ್ತೂ ಆಮ್ಲದ ಪುಡಿಯೂ ಸುಲಭವಾಗಿ ಕೈಗೆ ಸಿಕ್ಕಬಲ್ಲ ಲೋಕ ಸಿದ್ಧವಾಗುವವರೆಗೆ ಹುಸಿ ಸೇಬಿನ ಪೈ ಸಾಧ್ಯವಿರಲಿಲ್ಲ. ಅಜ್ಜಿಯ ಕಾಲದ ಮಿತವ್ಯಯದ ಅಡುಗೆಯೆಂದು ತೋರುವ ಈ ಭಕ್ಷ್ಯ ವಾಸ್ತವವಾಗಿ ಆಧುನಿಕ.

4. ವಿಧಿಯಲ್ಲಿ ಕಾಣದ ಕೈಗಳು

‘ತೆಗೆದುಕೊ, ನೆನೆಸು, ಬೇಯಿಸು’ ಎಂಬ ಆಜ್ಞೆ ಯಾರಿಗೆ ಎಂಬ ಪ್ರಶ್ನೆಯನ್ನು ಪಾಕಗ್ರಂಥಗಳು ಎತ್ತುವುದಿಲ್ಲ; ಚರಿತ್ರಕಾರ ಎತ್ತಬೇಕಾಗುತ್ತದೆ. 1863ರ ಸಂಗ್ರಹವನ್ನು ಓದಬಲ್ಲವರಾಗಿದ್ದವರು ರಿಚ್ಮಂಡಿನ ಅಕ್ಷರಸ್ಥ ಗೃಹಿಣಿಯರು. ಆದರೆ ದಕ್ಷಿಣದ ಅನುಕೂಲವಂತ ಮನೆಗಳಲ್ಲಿ ಒಲೆಯ ಮುಂದೆ ನಿಂತವರು ಬಹುಮಟ್ಟಿಗೆ ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರು. 1860ರ ಜನಗಣತಿಯ ಪ್ರಕಾರ ದೇಶದಲ್ಲಿ ಗುಲಾಮಗಿರಿಯಲ್ಲಿದ್ದವರ ಸಂಖ್ಯೆ ಸುಮಾರು 40 ಲಕ್ಷ. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಹೀಗಿರುವಾಗ ಮುದ್ರಿತ ವಿಧಿಯನ್ನು ಯಜಮಾನಿತಿ ಓದಿ ಹೇಳುವುದು, ಅಡುಗೆಯವಳು ಕೇಳಿ ಮಾಡುವುದು ಎಂಬ ವ್ಯವಸ್ಥೆಯನ್ನು ನಾವು ಕಲ್ಪಿಸಿಕೊಳ್ಳಬೇಕಾಗುತ್ತದೆ. ಬಿಸ್ಕತ್ತು ಎಷ್ಟು ನೆನೆದರೆ ಹೋಳಾಗಿ ಉಳಿಯುತ್ತದೆ, ಎಷ್ಟಾದರೆ ಗಂಜಿಯಾಗುತ್ತದೆ ಎಂಬ ಅರಿವು ವಿಧಿಯಲ್ಲಿಲ್ಲ, ಅದು ಆ ಕೈಯಲ್ಲಿತ್ತು. ಕೊರತೆಯನ್ನು ಜಾಣತನದಿಂದ ಎದುರಿಸಿದ ಕೀರ್ತಿ ಮಾತ್ರ ಪುಸ್ತಕ ಹೊಂದಿದ ಮನೆಗೆ ಸಂದಿತು.

ಈ ಕೈಗಳಿಗೆ ಹೆಸರು ದೊರೆತ ದಾಖಲೆಗಳು ಯುದ್ಧದ ತರುವಾಯ ಬರುತ್ತವೆ. ಟೆನೆಸಿಯ ಸ್ವತಂತ್ರ ಕಪ್ಪು ಮಹಿಳೆ ಮಲಿಂಡ ರಸೆಲ್ 1866ರಲ್ಲಿ ಮಿಷಿಗನ್ನಿನಲ್ಲಿ ಪ್ರಕಟಿಸಿದ ಪಾಕಗ್ರಂಥ, ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬಳ ಹೆಸರಿನಲ್ಲಿ ಈವರೆಗೆ ತಿಳಿದುಬಂದಿರುವ ಮೊದಲನೆಯದು. ಹುಟ್ಟಿನಿಂದ ಗುಲಾಮಗಿರಿಯಲ್ಲಿದ್ದು ಅನಂತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ ಆ್ಯಬಿ ಫಿಷರ್ 1881ರಲ್ಲಿ ತನ್ನ ಪಾಕಗ್ರಂಥವನ್ನು ಹೊರತಂದಳು. ಓದುಬರಹ ಬಾರದ ಆಕೆ ವಿಧಿಗಳನ್ನು ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದಳು. 1863ರಲ್ಲಿ ಓದು ಪುಸ್ತಕದಿಂದ ಒಲೆಗೆ ಹರಿಯಿತು. ಇಲ್ಲಿ ಮಾತು ಒಲೆಯಿಂದ ಪುಸ್ತಕಕ್ಕೆ ಹರಿದಿದೆ. ಪಾಕವಿಧಿಯ ಚರಿತ್ರೆಯನ್ನು ಬರೆಯುವವರು ಈ ಎರಡೂ ದಿಕ್ಕುಗಳನ್ನು ಗಮನದಲ್ಲಿಡಬೇಕು.

5. ಬದಲಿ ಭಕ್ಷ್ಯಗಳ ಬೇರೆ ಬೇರೆ ಗತಿ

ಇಲ್ಲದ ಪದಾರ್ಥವನ್ನು ನಟಿಸುವ ಅಡುಗೆ ಅಮೆರಿಕದ ಸೃಷ್ಟಿಯಲ್ಲ. ಅಪೀಸಿಯಸ್‌ನ ಹೆಸರಿನಲ್ಲಿ ಬಂದಿರುವ, ನಾಲ್ಕು ಐದನೆಯ ಶತಮಾನಗಳ ಸುಮಾರಿಗೆ ಈಗಿನ ರೂಪ ಪಡೆದ ರೋಮನ್ ಪಾಕಗ್ರಂಥದಲ್ಲಿ, ಕಿರುಮೀನಿನ ಭಕ್ಷ್ಯವನ್ನು ಆ ಮೀನೇ ಇಲ್ಲದೆ ಮಾಡುವ ವಿಧಿಯಿದೆ; ತಿಂದವರಾರಿಗೂ ತಾವು ತಿನ್ನುತ್ತಿರುವುದೇನೆಂದು ಗೊತ್ತಾಗದೆಂಬ ಭರವಸೆಯೂ ಅಲ್ಲಿದೆ. ಸಮುದ್ರದಿಂದ ದೂರದಲ್ಲಿದ್ದಾಗ ಕಿರುಮೀನಿಗೆ ಹಂಬಲಿಸಿದ ಬಿಥೀನಿಯದ ಅರಸ ನಿಕೊಮಿಡೀಸನಿಗೆ ಬಾಣಸಿಗನು ಟರ್ನಿಪ್ ಗಡ್ಡೆಯನ್ನು ಮೀನಿನ ಆಕಾರಕ್ಕೆ ಕೊಯ್ದು ಬಡಿಸಿದ ಕಥೆಯನ್ನು ಅಥೀನೇಯಸ್ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಹಡಗಿನಲ್ಲಿ ತರಿಸಬೇಕಾದ ಕಡಲಾಮೆಯ ಸಾರು ಸಿರಿವಂತರ ಲಕ್ಷಣವಾದಾಗ, ಕರುವಿನ ತಲೆಯಿಂದ ಮಾಡಿದ ಹುಸಿ ಆಮೆಯ ಸಾರು ಬಳಕೆಗೆ ಬಂದಿತು. ಇಲ್ಲಿ ಬದಲಿಯನ್ನು ಹುಟ್ಟಿಸಿದ್ದು ಅಂತಸ್ತಿನ ಆಸೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿಯಿಂದ ಪಡಿತರ ಜಾರಿಗೆ ಬಂದ ಬ್ರಿಟನ್ನಿನಲ್ಲಿ, ಆಹಾರ ಸಚಿವಾಲಯವೇ ಮಿತವ್ಯಯದ ಪಾಕವಿಧಿಗಳನ್ನು ಪ್ರಚಾರ ಮಾಡಿತು. ‘ಹುಸಿ’ ಎಂಬ ಒಂದೇ ವಿಶೇಷಣದ ಹಿಂದೆ ಎಷ್ಟೊಂದು ಬೇರೆಬೇರೆ ಕಾರಣಗಳಿವೆಯೆಂಬುದಕ್ಕೆ ಇಷ್ಟು ನಿದರ್ಶನಗಳು ಸಾಕು.

ಬದಲಿ ಭಕ್ಷ್ಯ ಮುಂದೆ ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ನಮ್ಮ ನಾಡಿನ ಇಡ್ಲಿಯ ಚರಿತ್ರೆಯಲ್ಲಿ ಉಪಯುಕ್ತವಾದ ಹೋಲಿಕೆ ದೊರೆಯುತ್ತದೆ. 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ‘ಲೋಕೋಪಕಾರ’ವು ಅದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿದ ಉದ್ದಿನಿಂದ ಮಾಡುವ ಭಕ್ಷ್ಯವೆಂದು ವಿವರಿಸುತ್ತದೆ, ಅಕ್ಕಿಯ ಮಾತೇ ಅಲ್ಲಿಲ್ಲ. ಈ ಸಂಗತಿಯ ಕಡೆಗೆ ಆಹಾರದ ಚರಿತ್ರಕಾರ ಕೆ. ಟಿ. ಅಚ್ಚಯ್ಯನವರು ವಿದ್ವಾಂಸರ ಗಮನ ಸೆಳೆದರು. ಅಕ್ಕಿ ತಡವಾಗಿ ಬಂದು ಸೇರಿಕೊಂಡು, ಕ್ರಮೇಣ ಅದಿಲ್ಲದೆ ಇಡ್ಲಿಯೇ ಇಲ್ಲವೆಂಬಷ್ಟು ಮುಖ್ಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ಬೆಂಗಳೂರಿನ ಎಂ.ಟಿ.ಆರ್. ಉಪಾಹಾರ ಗೃಹದಲ್ಲಿ ರವೆಗೆ ಮೊಸರು ಬೆರೆಸಿ ರವೆ ಇಡ್ಲಿಯನ್ನು ರೂಪಿಸಲಾಯಿತೆಂದು ಆ ಸಂಸ್ಥೆ ಹೇಳಿಕೊಂಡು ಬಂದಿದೆ. ಅಕ್ಕಿ ಮತ್ತೆ ದೊರೆತ ಮೇಲೂ ರವೆ ಇಡ್ಲಿ ಹಿಂದೆ ಸರಿಯಲಿಲ್ಲ. ತನ್ನ ಬದಲಿ ಪದಾರ್ಥವನ್ನು ಹೆಸರಿನಲ್ಲಿಯೇ ಹೇಳಿಕೊಂಡು ಅದು ಸ್ವತಂತ್ರ ಭಕ್ಷ್ಯವಾಯಿತು. ಅಮೆರಿಕ ಖಂಡದಿಂದ ಬಂದ ಖಾರದ ಕಾಯಿಗೆ ಕನ್ನಡಿಗರು ಮೆಣಸಿನ ಹೆಸರಿನಿಂದಲೇ ಮೆಣಸಿನಕಾಯಿಯೆಂದರು. ಇಂದು ಆ ಕಾಯಿಯನ್ನು ಕರಿಮೆಣಸಿನ ಬದಲಿಯೆಂದು ಯಾರೂ ಭಾವಿಸುವುದಿಲ್ಲ.

ಹುಸಿ ಸೇಬಿನ ಪೈಗೆ ಈ ಗತಿ ಬರಲಿಲ್ಲ. ಸೇಬು ಹೇರಳವಾದ ಮೇಲೂ ಅದು ಅಳಿಯಲಿಲ್ಲ, ಬಿಸ್ಕತ್ತಿನ ಪೈಯೆಂದು ಸ್ವತಂತ್ರವಾಗಿಯೂ ನಿಲ್ಲಲಿಲ್ಲ. ಓಕ್ ಕಾಯಿಯ ಕಾಫಿ ಯುದ್ಧ ಮುಗಿದೊಡನೆ ಮರೆಗೆ ಸಂದಿತು. ಅದರ ಕುಡಿತದಲ್ಲಿ ಸಂತೋಷವಿರಲಿಲ್ಲ. ಹುಸಿ ಪೈಯಲ್ಲಿ ಒಂದು ಆಟವಿದೆ. ಬಡಿಸುವವರಿಗೆ ಗೊತ್ತಿದ್ದು ಉಣ್ಣುವವರಿಗೆ ಗೊತ್ತಿಲ್ಲದ ಗುಟ್ಟೇ ಅದರ ರುಚಿ. ಸೇಬಿನ ಹೆಸರನ್ನು ಕಳಚಿದರೆ ಅದು ಪಾಕದಲ್ಲಿ ನೆನೆದ ಬಿಸ್ಕತ್ತು ಮಾತ್ರ. ಅಲ್ಲದೆ ಅಮೆರಿಕದವರಿಗೆ ಸೇಬಿನ ಪೈ ರಾಷ್ಟ್ರೀಯ ಭಾವನೆಯ ಭಕ್ಷ್ಯ. ಇಂದಿನ ಸೇಬಿನ ಪೂರ್ವಜ ಮಧ್ಯ ಏಷ್ಯಾದ ತಿಯೆನ್‌ಷಾನ್ ಪರ್ವತಪ್ರದೇಶದ್ದು. ಅದು ಯೂರೋಪಿನ ವಲಸಿಗರೊಂದಿಗೆ ಅಮೆರಿಕಕ್ಕೆ ಬಂದಿತು. ಪೈಯ ಕಟ್ಟು ಇಂಗ್ಲೆಂಡಿನದು, ಚಕ್ಕೆ ಜಾಯಿಕಾಯಿಗಳು ಏಷ್ಯಾದವು. ತನ್ನದೆಂದು ಆ ದೇಶ ಹೆಮ್ಮೆಪಡುವ ಭಕ್ಷ್ಯದ ಪ್ರತಿ ಅಂಶವೂ ಹೊರಗಿನಿಂದ ಬಂದದ್ದಾಗಿರುವಾಗ, ಅದನ್ನು ತನ್ನದಾಗಿಸಿದ್ದು ಮನೆಯ ನೆನಪು. ಆ ನೆನಪಿನ ಆಸರೆಯಿಂದಲೇ ಹುಸಿ ಪೈ ಕೂಡ ಬದುಕಿದೆ.

6. ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಹುಸಿ ಸೇಬಿನ ಪೈಗೆ ಬಡತನವೊಂದೇ ಕಾರಣವೆಂಬ ಜನಜನಿತ ವಿವರಣೆ ಮೂರು ಘಟ್ಟಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಹೊಂದುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ದೂರದ ಮನೆಯ ಹಂಬಲವೂ ರಿಚ್ಮಂಡಿನಲ್ಲಿ ಮನೆತನದ ಮರ್ಯಾದೆಯೂ 1930ರ ದಶಕದಲ್ಲಿ ವ್ಯಾಪಾರವೂ ಅದರ ಹಿಂದೆ ಇದ್ದುವು. ಒಂದೇ ವಿಧಿ ಕಾಲಾಂತರದಲ್ಲಿ ಬೇರೆಬೇರೆ ಪ್ರಯೋಜನಗಳಿಗೆ ಒದಗಿದೆ. ಆದ್ದರಿಂದ ಪಾಕವಿಧಿಯೊಂದರ ಪ್ರಾಚೀನತೆಯನ್ನು ನಿರ್ಧರಿಸಿದ ಮಾತ್ರಕ್ಕೆ ಅದರ ಚರಿತ್ರೆಯನ್ನು ಹೇಳಿದಂತಾಗುವುದಿಲ್ಲ. ಪ್ರತಿ ದಾಖಲೆಯನ್ನೂ ಅದು ಹುಟ್ಟಿದ ಊರು, ವರ್ಷ, ಪ್ರಕಾಶಕ, ಓದುಗ ವರ್ಗಗಳ ನಡುವೆ ಇರಿಸಿ ನೋಡಬೇಕಾಗುತ್ತದೆ.

ಪಾಕವಿಧಿಯಲ್ಲಿ ಹೇಳದೆ ಬಿಟ್ಟಿರುವುದಕ್ಕೂ ಹೇಳಿರುವಷ್ಟೇ ಬೆಲೆಯುಂಟೆಂಬುದು ಎರಡನೆಯ ಸಂಗತಿ. ಸೇಬು ಇಲ್ಲವೆಂದು ಸಾರುವ ವಿಧಿ ಬೆಣ್ಣೆ ಇದೆಯೆಂದು ಸಾರುವುದಿಲ್ಲ. ಅದನ್ನು ಸಹಜವೆಂದು ಭಾವಿಸುತ್ತದೆ. ಹಾಗೆಯೇ ಬೇಯಿಸುವವರೊಬ್ಬರು ಇದ್ದಾರೆಂಬುದನ್ನೂ ಭಾವಿಸುತ್ತದೆ, ಅವರ ಹೆಸರನ್ನು ಕೇಳುವುದಿಲ್ಲ. ಕನ್ನಡದಲ್ಲಿ ಸೂಪಶಾಸ್ತ್ರ ಗ್ರಂಥಗಳ ಪಾಠ, ಭಾಷೆ, ಪಾರಿಭಾಷಿಕ ಪದಗಳ ಅಧ್ಯಯನ ಸಾಕಷ್ಟು ನಡೆದಿದೆ. ಅದೇ ಗ್ರಂಥಗಳಲ್ಲಿಯೂ 20ನೆಯ ಶತಮಾನದಲ್ಲಿ ಮುದ್ರಣಗೊಂಡ ಮನೆಯಡುಗೆಯ ಪುಸ್ತಕಗಳಲ್ಲಿ ಹಾಗೂ ಮಹಿಳೆಯರು ಕೈಬರಹದಲ್ಲಿ ಉಳಿಸಿರುವ ನೋಟ್‌ಬುಕ್ಕುಗಳಲ್ಲಿಯೂ ‘ಇದಿಲ್ಲದಿದ್ದರೆ ಅದನ್ನು ಹಾಕಬಹುದು’ ಎಂಬಂತಹ ಸೂಚನೆಗಳನ್ನು ಕಲೆಹಾಕಿ, ಬರ, ಯುದ್ಧ, ಪಡಿತರ, ವಲಸೆಗಳ ಕಾಲಾನುಕ್ರಮದೊಂದಿಗೆ ಹೊಂದಿಸಿ ನೋಡುವ ಕೆಲಸ ಆಗಬೇಕಾಗಿದೆ. ಮುದ್ರಿತ ಪುಸ್ತಕಗಳನ್ನು ಗ್ರಂಥಾಲಯಗಳು ಕಾಪಿಟ್ಟಾವು. ಎಣ್ಣೆಯ ಕಲೆ ಹತ್ತಿದ ನೋಟ್‌ಬುಕ್ಕುಗಳನ್ನು ಮನೆಯವರೇ ಹಳೆಯ ಕಾಗದದೊಂದಿಗೆ ಮಾರಿಬಿಡುವುದುಂಟು. ಅಡುಗೆ ಮಾಡಿದವರ ಸ್ವಂತ ಅಕ್ಷರದಲ್ಲಿರುವ ಆಕರಗಳು ಬಹುಶಃ ಇವಿಷ್ಟೇ ಆದ್ದರಿಂದ ಇವುಗಳ ಸಂಗ್ರಹಣೆ ಮೊದಲು ಆಗತಕ್ಕ ಕಾರ್ಯ.